ಬೇಲಿ ಹತ್ತಿರ ಬಿದ್ದುಹೋದ ‘ನಾಟ್’

“ಐ ಕುಡ್ ಕೇರ್ ಲೆಸ್ ಅಬೌಟ್ ದ ಲೀವ್ಸ್.”

ಪಕ್ಕದ ಮನೆಯ ಅಜ್ಜ ಬೇಲಿ ಆಚೆಯಿಂದ ಅಂದಿದ್ದು ಇಷ್ಟೇ. ಅಂದವರು ಕೈ ಬೀಸಿ ಒಳಗೆ ಹೋದರು. ಈ ಒಂದು ಮಾತು ವಾರವಿಡೀ ನಮ್ಮನೆಯಲ್ಲಿ ಓಡಾಡಿದೆ. ಊಟಕ್ಕೆ ಕೂತರೆ ಅದೇ, ಕಾಫಿ ಕುಡಿಯುವಾಗಲೂ ಅದೇ. ಅಪ್ಪ ಅದನ್ನು ‘ಕುಡ್’ ಮೇಲೆ ಒತ್ತು ಕೊಟ್ಟು ಹೇಳಿ ನೋಡಿದರು, ‘ಕೇರ್’ ಮೇಲೆ ಒತ್ತು ಕೊಟ್ಟು ನೋಡಿದರು, ‘ಲೆಸ್’ ಎಳೆದು ನೋಡಿದರು. ಹೇಗೆ ಹೇಳಿದರೂ ಅವರಿಗೆ ಬರುವ ಅರ್ಥ ಒಂದೇ. ಆ ಮನುಷ್ಯನಿಗೆ ಎಲೆ ಬಿದ್ದಿದ್ದು ಬೇಜಾರಾಗಿದೆ.

ನಾವಿರುವುದು ಮ್ಯಾಸಚೂಸೆಟ್ಸ್‌ನಲ್ಲಿ, ವೂಸ್ಟರ್ ಪಕ್ಕದ ಶ್ರೂಸ್‌ಬರಿ. ನವೆಂಬರ್ ಶುರುವಿನಲ್ಲಿ ಇಲ್ಲಿ ಎಲೆಯದೇ ಕೆಲಸ. ನಮ್ಮ ಅಂಗಳದ ಮೇಪಲ್ ಮರ ಉದುರಿಸಿದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ ಗಾಳಿಗೆ ಅಜ್ಜನ ಹುಲ್ಲಿನ ಮೇಲೆ ಹೋಗಿ ಬೀಳುತ್ತೆ. ಇಲ್ಲಿ ಯಾರೂ ಅದನ್ನು ದೊಡ್ಡ ವಿಷಯ ಮಾಡಲ್ಲ. ಅಪ್ಪ ಹಾಗಲ್ಲ. ಅರಸೀಕೆರೆ ಕಡೆಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರಾಗಿ ರಿಟೈರ್ ಆದವರು. ನಮ್ಮ ಮನೆಯ ಕಸ ಇನ್ನೊಬ್ಬರ ಕಾಂಪೌಂಡಿಗೆ ಹೋಗುತ್ತೆ ಅಂದರೆ ಅವರಿಗೆ ನಿದ್ದೆ ಬರಲ್ಲ. ಭಾನುವಾರ ಬೇಲಿ ಹತ್ತಿರ ಹೋಗಿ, “ಸಾರಿ ಸರ್, ನಮ್ಮ ಎಲೆ ನಿಮ್ಮ ಜಾಗದಲ್ಲಿ ಬೀಳ್ತಿದೆ” ಅಂತ ಇಂಗ್ಲಿಷಿನಲ್ಲಿ ಕೇಳಿಕೊಂಡರು. ಅದಕ್ಕೆ ಬಂದ ಉತ್ತರ ಅದು.

ಒಳಗೆ ಬಂದು ಚಪ್ಪಲಿ ಬಿಡುತ್ತಾ, “ಅವರಿಗೆ ಬೇಜಾರಾಗಿದೆ ಕಣಮ್ಮ” ಅಂದರು.

“ಏನಂದ್ರು?”

“ಐ ಕುಡ್ ಕೇರ್ ಲೆಸ್ ಅಂದ್ರು.”

“ಅಯ್ಯೋ ಅಪ್ಪ, ಪರವಾಗಿಲ್ಲ ಅಂತ ಅದು. ನೀವು ತಲೆ ಕೆಡಿಸ್ಕೋಬೇಡಿ.”

“ಅದು ಹೇಗಾಗುತ್ತೆ? ನೀನೇ ನೋಡು. ಇನ್ನೂ ಕಡಿಮೆ ಕೇರ್ ಮಾಡಬಹುದು ಅಂದ್ರೆ, ಈಗ ಸ್ವಲ್ಪನಾದ್ರೂ ಕೇರ್ ಇದೆ ಅಂತ ಆಯ್ತಲ್ಲ. ಇಲ್ಲದೇ ಇರೋದನ್ನ ಕಡಿಮೆ ಮಾಡೋಕಾಗುತ್ತಾ? ದೊಡ್ಡ ಮನುಷ್ಯ. ನೇರವಾಗಿ ಬೈಯದೆ ಮರ್ಯಾದೆಯಿಂದ ಹೇಳಿದಾರೆ.”

ಈ ಮಾತಿನಲ್ಲಿ ತಪ್ಪು ಹುಡುಕಿ ನೋಡೋಣ. ನನಗಂತೂ ಸಿಗಲಿಲ್ಲ.

ಸೋಮವಾರ ಬೆಳಗ್ಗೆ ಅಡುಗೆಮನೆ ಕಿಟಕಿಯಿಂದ ನೋಡಿದರೆ ಅಪ್ಪ ಅಜ್ಜನ ಹುಲ್ಲಿನ ಮೇಲೆ ನಿಂತಿದ್ದಾರೆ. ತಲೆಗೆ ಮಂಕಿ ಕ್ಯಾಪ್. ನಮ್ಮನೆಯವರ ದೊಡ್ಡ ಜಾಕೆಟ್ಟು, ತೋಳು ಎರಡು ಮಡಿಕೆ ಮಡಚಿಕೊಂಡಿದ್ದಾರೆ. ಕೈಯಲ್ಲಿ ಎಲೆ ಗೋರುವ ಉದ್ದನೆ ಹಲ್ಲಿನ ಕೋಲು. ಪಕ್ಕದಲ್ಲಿ ಆಳೆತ್ತರದ ಕಂದು ಕಾಗದದ ಚೀಲ, ಆಗಲೇ ಕುತ್ತಿಗೆವರೆಗೂ ತುಂಬಿದೆ. ಅಜ್ಜ ಕಾಫಿ ಮಗ್ ಹಿಡಿದು ಬಾಗಿಲು ತೆಗೆದು ಬಂದರು.

“ವಾಟ್ ಆರ್ ಯು ಡೂಯಿಂಗ್, ಬಡಿ? ಐ ಟೋಲ್ಡ್ ಯು, ಐ ಕುಡ್ ಕೇರ್ ಲೆಸ್!”

ಈ ಸಲ ದನಿ ಸ್ವಲ್ಪ ಜೋರಾಗಿತ್ತು. ಪಾಪ, ಅವರ ಪ್ರಕಾರ ಅದು ‘ಯಾಕೆ ಸುಮ್ನೆ ಕಷ್ಟಪಡ್ತೀರಾ’ ಅನ್ನುವ ಮಾತು. ಅಪ್ಪನ ಕಿವಿಗೆ ಬಿದ್ದಿದ್ದು ಬೇರೆ: ನಿನ್ನೆನೇ ಹೇಳಿದ್ದೆ, ನನಗೆ ಬೇಜಾರಿದೆ ಅಂತ. ಅಪ್ಪ “ಯೆಸ್ ಸರ್, ಯೆಸ್ ಸರ್, ಟೆನ್ ಮಿನಿಟ್ಸ್” ಅಂತ ಇನ್ನೂ ಜೋರಾಗಿ ಗೋರತೊಡಗಿದರು. ಅಜ್ಜ ಮತ್ತೆ ಅದನ್ನೇ ಹೇಳಿದರು, ಇನ್ನೂ ಜೋರಾಗಿ. ಅಪ್ಪ ಇನ್ನೂ ಬೇಗ ಬೇಗ. ನಾನು ಮನೆ ಚಪ್ಪಲಿಯಲ್ಲೇ ಓಡಿಹೋಗಿ ಇಬ್ಬರ ಮಧ್ಯೆ ನಿಂತೆ.

ಆ ಎರಡು ನಿಮಿಷ ನನ್ನ ಕಣ್ಣ ಮುಂದಿಂದ ಹೋಗುತ್ತಲೇ ಇಲ್ಲ. ಒಬ್ಬರು ‘ಬೇಡ’ ಅಂತ ಕೂಗುತ್ತಿದ್ದಾರೆ. ಇನ್ನೊಬ್ಬರು ‘ಸಾಲದು’ ಅಂತ ಕೇಳಿಸಿಕೊಳ್ಳುತ್ತಿದ್ದಾರೆ. ಇಬ್ಬರೂ ಒಳ್ಳೆಯವರೇ. ಇಬ್ಬರೂ ಇನ್ನೊಬ್ಬರಿಗೆ ತೊಂದರೆ ಆಗಬಾರದು ಅಂತಲೇ ನೋಡುತ್ತಿದ್ದಾರೆ.

ನಮ್ಮನೆಯವರಿಗೆ ಇದು ಕೇಳಿ ನಗು ತಡೆಯಲಾಗಲಿಲ್ಲ. ರಾತ್ರಿ ಫೋನಿನಲ್ಲಿ ಗೆಳೆಯರಿಗೆಲ್ಲ ಹೇಳಿದರು, ಅಪ್ಪನ “ಟೆನ್ ಮಿನಿಟ್ಸ್” ದನಿಯನ್ನೂ ಅನುಕರಿಸಿ. ನನಗೆ ಸರಿ ಕಾಣಲಿಲ್ಲ. ಅಪ್ಪ ಪಕ್ಕದ ರೂಮಿನಲ್ಲೇ ಇದ್ದರು ಅನ್ನುವುದು ಒಂದು. ಇನ್ನೊಂದು, ಇವರು ಇಲ್ಲಿಗೆ ಬಂದ ಮೇಲೆ ಕಿವಿಯಿಂದ ಕಲಿತಿದ್ದನ್ನು ಅಪ್ಪ ಕಲಿಯಲು ಸಾಧ್ಯವೇ ಇರಲಿಲ್ಲ. ಕೆಂಪು ರಟ್ಟಿನ ವ್ಯಾಕರಣದ ಪುಸ್ತಕ, ಕರಿ ಹಲಗೆ, ರೇಡಿಯೋದಲ್ಲಿ ಬರುವ ಇಂಗ್ಲಿಷ್ ವಾರ್ತೆ. ಅವರ ಇಂಗ್ಲಿಷ್ ಬಂದಿದ್ದು ಅಲ್ಲಿಂದ. ಅದರಲ್ಲೇ ನೂರಾರು ಮಕ್ಕಳನ್ನು ಎಸ್ಸೆಸ್ಸೆಲ್ಸಿ ದಾಟಿಸಿದ್ದಾರೆ. ಆ ಇಂಗ್ಲಿಷಿಗೆ ನಗುವ ಹಕ್ಕು ಯಾರಿಗೂ ಇಲ್ಲ. ಇದನ್ನು ನಮ್ಮನೆಯವರ ಮುಖದ ಮೇಲೇ ಹೇಳಿದ್ದೀನಿ.

ವಿಷಯಕ್ಕೆ ಬರ್ತೀನಿ. ಮೂಲ ಮಾತು “ಐ ಕುಡಂಟ್ ಕೇರ್ ಲೆಸ್”. ನಾನು ತಲೆ ಕೆಡಿಸಿಕೊಂಡಿರುವುದೇ ಸೊನ್ನೆ, ಅದಕ್ಕಿಂತ ಕೆಳಗೆ ಹೋಗೋಕಾಗಲ್ಲ ಅಂತ. ಲೆಕ್ಕ ಸರಿಯಾಗಿ ಕೂರುತ್ತೆ. ಬ್ರಿಟನ್ನಿನಲ್ಲಿ ಎರಡನೇ ಮಹಾಯುದ್ಧದ ಹೊತ್ತಿಗೆ ಎಲ್ಲರ ಬಾಯಲ್ಲೂ ಇದ್ದ ಮಾತು ಇದು. ಅಲ್ಲಿಯವರು ಈಗಲೂ ಹೀಗೇ ಹೇಳುತ್ತಾರೆ. ಅಮೆರಿಕಕ್ಕೆ ಬಂದ ಮೇಲೆ, 1950–60ರ ದಶಕಗಳಲ್ಲಿ, ‘ನಾಟ್’ ಉದುರಿ “ಕುಡ್ ಕೇರ್ ಲೆಸ್” ಆಯಿತು. ಅರ್ಥ ಮಾತ್ರ ಅಲ್ಲಾಡಲಿಲ್ಲ. ಇವತ್ತು ಇಲ್ಲಿ ಎರಡೂ ಓಡುತ್ತವೆ. ಹೌದು ಅಂದರೂ ಅದೇ, ಇಲ್ಲ ಅಂದರೂ ಅದೇ.

ಯಾಕೆ ಹೀಗಾಯ್ತು ಅನ್ನುವುದಕ್ಕೆ ಭಾಷೆ ಓದಿದವರಲ್ಲೇ ಜಗಳ ಇದೆ. ಸ್ಟೀವನ್ ಪಿಂಕರ್ 1994ರಲ್ಲಿ ಬರೆದಿದ್ದು, ಇದು ಕೊಂಕು ಮಾತು ಅಂತ. ‘ಓಹೋ, ಇನ್ನೂ ಕಡಿಮೆ ಕೇರ್ ಮಾಡ್ತೀನಂತೆ ನಾನು!’ ಅನ್ನುವ ಥರ. ಎರಡು ರೂಪಗಳ ರಾಗವೇ ಬೇರೆ ಅನ್ನುವುದನ್ನು ಅವರು ಸಾಕ್ಷಿಗೆ ಕೊಡುತ್ತಾರೆ. ಅವರು ಪಾಠ ಮಾಡುವ ಹಾರ್ವರ್ಡ್ ನಮ್ಮೂರಿಂದ ಒಂದು ಗಂಟೆ ದಾರಿ. ನಮ್ಮ ಬೇಲಿ ಹತ್ತಿರ ಬಂದು ನಿಂತಿದ್ದರೆ ಅವರಿಗೂ ಅನುಮಾನ ಬರುತ್ತಿತ್ತೇನೋ. ಅಜ್ಜನ ಮಾತಲ್ಲಿ ಕೊಂಕಿನ ಸುಳಿವೇ ಇರಲಿಲ್ಲ. ಅವರು ಹಾಗೆ ಮಾತಾಡುವವರೂ ಅಲ್ಲ. ಪ್ಲಂಬರ್ ಕೆಲಸ ಮಾಡಿ ನಿವೃತ್ತರಾದ ಸೀದಾ ಮನುಷ್ಯ. ನನಗೆ ಹೆಚ್ಚು ಒಪ್ಪುವುದು ಇನ್ನೊಂದು ವಿವರಣೆ. ಒಂದು ಮಾತು ಬಾಯಲ್ಲಿ ಆಡಿ ಆಡಿ ಇಡಿಯಾಗಿ ಗಟ್ಟಿಯಾದ ಮೇಲೆ ಅದರ ಒಳಗಿನ ಬಿಡಿ ಪದಗಳನ್ನು ಯಾರೂ ಎಣಿಸಲ್ಲ. ಸವೆದ ನಾಣ್ಯದ ಮೇಲಿನ ಅಕ್ಷರ ಯಾರು ಓದುತ್ತಾರೆ? ಕೈಗೆ ಬಂದ ಕೂಡಲೇ ಬೆಲೆ ಗೊತ್ತಾಗುತ್ತೆ, ಅಷ್ಟೆ.

ಮಂಗಳವಾರ ಇನ್ನೊಂದು ನಡೆಯಿತು. ಅಪ್ಪನ ಕೆಲಸಕ್ಕೆ ಥ್ಯಾಂಕ್ಸ್ ಹೇಳಲು ಅಜ್ಜ ಆಪಲ್ ಸೈಡರ್ ಕ್ಯಾನ್ ಹಿಡಿದು ಬಂದರು. ಮಾತಿಗೆ ಮಾತು ಬಂತು. ಬೆಳಗ್ಗೆ ಎಲ್ಲರೂ ಏಳುವ ಮೊದಲೇ ಎದ್ದು ಒಬ್ಬನೇ ಕಾಫಿ ಕುಡಿಯುವುದು ತನಗಿಷ್ಟ ಅಂದರು ಅಪ್ಪ.

“ಸೋ ಡೋಂಟ್ ಐ!” ಅಂದರು ಅಜ್ಜ, ಖುಷಿಯಿಂದ ಮಂಡಿ ತಟ್ಟಿ.

ಅಪ್ಪ ನನ್ನ ಮುಖ ನೋಡಿದರು. ಇದು ಈ ಕಡೆಯವರದೇ ಸೊತ್ತು. ಮ್ಯಾಸಚೂಸೆಟ್ಸ್ ಮತ್ತು ಸುತ್ತಲಿನ ನ್ಯೂ ಇಂಗ್ಲೆಂಡ್ ಬಿಟ್ಟರೆ ಬೇರೆ ಕಡೆಯ ಅಮೆರಿಕನ್ನರೂ ಇದನ್ನು ಕೇಳಿ ತಬ್ಬಿಬ್ಬಾಗುತ್ತಾರೆ. ‘ಸೋ ಡೂ ಐ’ ಅಂದರೆ ‘ನನಗೂ’ ಅಂತ. ‘ಸೋ ಡೋಂಟ್ ಐ’ ಅಂದರೂ ‘ನನಗೂ’ ಅಂತಲೇ. ಅದರಲ್ಲೊಂದು ಸಣ್ಣ ತಕರಾರು ಅಡಗಿದೆ ಅನ್ನುತ್ತಾರೆ: ‘ನಿನಗೊಬ್ಬನಿಗೇ ಇಷ್ಟ ಅಂದ್ಕೊಂಡ್ಯಾ, ನನಗೆ ಇಷ್ಟ ಇಲ್ವಾ?’ ಹೀಗೆ ಬಿಡಿಸಿ ಹೇಳಿದ ಕೂಡಲೇ ಅಪ್ಪನ ಮುಖ ಅರಳಿತು. “ಓ, ನಮ್ಮ ‘ನಾನಿಲ್ವಾ’ ಥರ!” ಅಂದರು.

ಆದರೆ ಅದೇ ಹೊತ್ತಲ್ಲಿ ಉಲ್ಟಾ ಕೂಡ ಆಯಿತು. ಅಜ್ಜ ಎಲೆ ಊದುವ ಮೆಷಿನ್ ತೋರಿಸಿ, “ಯು ಡೋಂಟ್ ಮೈಂಡ್ ದ ನಾಯ್ಸ್?” ಅಂದರು. ಅಪ್ಪ ನಗುತ್ತಾ “ಯೆಸ್, ಯೆಸ್” ಅಂದರು. ಅಜ್ಜ ಮೆಷಿನ್ ಆಫ್ ಮಾಡಿ ಕೆಳಗಿಟ್ಟುಬಿಟ್ಟರು. ನಮ್ಮಲ್ಲಿ “ತೊಂದರೆ ಇಲ್ವಾ?” ಅಂದರೆ “ಹೂಂ, ಇಲ್ಲ” ಅಂತೀವಿ. ಕೇಳಿದವರ ಮಾತು ಸರಿ ಅಂತ ಒಪ್ಪುವ ‘ಹೂಂ’ ಅದು. ಇಂಗ್ಲಿಷಿನವರು “ನೋ” ಅನ್ನಬೇಕು. ಅವರ ‘ಯೆಸ್’, ‘ನೋ’ ಎರಡೂ ನೋಡುವುದು ಸಂಗತಿಯ ಕಡೆಗೆ. ಕೇಳಿದವರು ಹೇಗೆ ಕೇಳಿದರು ಅನ್ನುವುದು ಅವಕ್ಕೆ ಲೆಕ್ಕಕ್ಕಿಲ್ಲ. ಭಾನುವಾರ ಅಪ್ಪನಿಗೆ ಆಗಿದ್ದು ಮಂಗಳವಾರ ಅಜ್ಜನಿಗೆ ಆಯಿತು. ಆಮೇಲೆ ನಾನು ಹೇಳಿದ ಮೇಲೇ ಅವರು ಮೆಷಿನ್ ಎತ್ತಿಕೊಂಡಿದ್ದು.

ಅವತ್ತಿಂದ ಅಪ್ಪ ಬರೆದಿಡಲು ಶುರು ಮಾಡಿದ್ದಾರೆ. ಹಳೇ ಕವರುಗಳನ್ನು ಬಿಡಿಸಿ ಒಳಮೈಯಲ್ಲಿ ಬರೆಯುವುದು ಅವರ ಯಾವತ್ತಿನ ಅಭ್ಯಾಸ. ಕರೆಂಟ್ ಬಿಲ್ಲಿನ ಕವರಿನ ಮೇಲೆ ದುಂಡನೆ ಅಕ್ಷರ, ಮಾರ್ಜಿನ್ ಗೆರೆ ಸಮೇತ. ಅಜ್ಜನ ಮೊಮ್ಮಗ ಸೈಕಲ್ ಹೊರಗೆ ಬಿಟ್ಟು, ರಾತ್ರಿ ಮಳೆಗೆ ನೆನೆದು, ಬೆಳಗ್ಗೆ ಸೀಟು ಒದ್ದೆ ಅಂತ ಮುಖ ಊದಿಸಿಕೊಂಡಿದ್ದ. “ದಟ್ಲ್ ಟೀಚ್ ಯು ಟು ಲೀವ್ ಇಟ್ ಔಟ್” ಅಂದರು ಅಜ್ಜ. ಹೊರಗೆ ಬಿಡುವುದನ್ನು ಕಲಿಸುತ್ತೆ ಅಂತ ಮಾತು, ಹೊರಗೆ ಬಿಡಬಾರದು ಅಂತ ಬುದ್ಧಿ ಬರುತ್ತೆ ಅಂತ ಅರ್ಥ. ‘ನಾಟ್’ ಸೇರಿಸಿದರೂ ಅಷ್ಟೆ. ಅದು ಕವರಿಗೆ ಹೋಯಿತು. ಬುಧವಾರ ಆಕಾಶ ನೋಡಿ, “ವುಡಂಟ್ ಸರ್‌ಪ್ರೈಸ್ ಮೀ ಇಫ್ ಇಟ್ ಡಿಡಂಟ್ ಸ್ನೋ ಟುನೈಟ್” ಅಂದರು. ಹಿಮ ಬೀಳದಿದ್ದರೆ ಆಶ್ಚರ್ಯ ಇಲ್ಲ ಅಂತ ಮಾತು. ಅವರು ಹೇಳಿದ್ದು ಹಿಮ ಬೀಳಬಹುದು ಅಂತ. ಆಗಲೇ ಗ್ಯಾರೇಜಿನಿಂದ, ಹಿಮ ಬಿದ್ದರೆ ದಾರಿಗೆ ಎರಚುವ ಉಪ್ಪಿನ ಚೀಲ ಎಳೆದು ಬಾಗಿಲಲ್ಲಿಟ್ಟಿದ್ದರು. ಅಪ್ಪ ಈ ಸಲ ಮಾತಿಗೆ ಹೋಗಲಿಲ್ಲ, ಉಪ್ಪಿನ ಚೀಲ ನೋಡಿ ಅರ್ಥ ಮಾಡಿಕೊಂಡರು.

ಅದೇ ಗ್ಯಾರೇಜಿನಲ್ಲಿ ಎರಡು ಪೆಟ್ರೋಲ್ ಕ್ಯಾನ್ ಇವೆ. ಹಳೇ ತಗಡಿನದರ ಮೇಲೆ ‘ಇನ್‌ಫ್ಲೇಮಬಲ್’, ಹೊಸ ಪ್ಲಾಸ್ಟಿಕ್‌ನದರ ಮೇಲೆ ‘ಫ್ಲೇಮಬಲ್’. ಎರಡೂ ಬೆಂಕಿ ಹತ್ತುವಂಥವೇ. ಇಲ್ಲಿನ ‘ಇನ್’ ಇಲ್ಲ ಅನ್ನುವ ‘ಇನ್’ ಅಲ್ಲ, ಉರಿ ಹಚ್ಚು ಅನ್ನುವ ಲ್ಯಾಟಿನ್ ಕ್ರಿಯಾಪದದ ಜೊತೆಗೇ ಬಂದಿದ್ದು. ಆದರೆ ಜನ ಅದನ್ನು ‘ಉರಿಯದ್ದು’ ಅಂತ ಓದಿ ಅನಾಹುತ ಮಾಡಿಕೊಂಡಾರು ಅನ್ನುವ ಭಯದಿಂದ 1920ರ ದಶಕದಲ್ಲಿ ಅಮೆರಿಕದ ನ್ಯಾಷನಲ್ ಫೈರ್ ಪ್ರೊಟೆಕ್ಷನ್ ಅಸೋಸಿಯೇಷನ್ ‘ಫ್ಲೇಮಬಲ್’ ಅಂತಲೇ ಬಳಸಿ ಅಂತ ಒತ್ತಾಯ ಶುರು ಮಾಡಿತು. ಅದು ಒಳ್ಳೆ ಕೆಲಸ. ಮಾತಾಡುವಾಗ ಮುಖ ಇರುತ್ತೆ, ಕೈ ಇರುತ್ತೆ, ಉಪ್ಪಿನ ಚೀಲ ಇರುತ್ತೆ. ಡಬ್ಬದ ಮೇಲೆ ಇರುವುದು ಅಕ್ಷರ ಮಾತ್ರ.

ಇಷ್ಟಾದರೂ ಅಪ್ಪನ ತೀರ್ಪು ಗಟ್ಟಿಯಾಗಿಯೇ ಇತ್ತು. “ಇವರಿಗೆ ಇವರ ಭಾಷೆನೇ ಸರಿಯಾಗಿ ಬರಲ್ಲ. ಎರಡು ನೆಗೆಟಿವ್ ಸೇರಿದ್ರೆ ಪಾಸಿಟಿವ್. ನಾನಾಗಿದ್ರೆ ಮಾರ್ಕ್ಸ್ ಕಟ್ ಮಾಡ್ತಿದ್ದೆ.” ಇಲ್ಲಿ ಓದಿದವರೂ ಬೇಕಾದಷ್ಟು ಜನ ಹೀಗೇ ಹೇಳುತ್ತಾರೆ. ‘ಕುಡ್ ಕೇರ್ ಲೆಸ್’ ಅನ್ನುವವರಿಗೆ ತಲೆ ಓಡಲ್ಲ ಅಂತ ಮೂಗು ಮುರಿಯುತ್ತಾರೆ. ನನಗೆ ಈ ಮಾತು ಕೇಳಿದರೆ ಸಿಟ್ಟು ಬರುತ್ತೆ. ಎರಡು ಇಲ್ಲ ಸೇರಿದರೆ ಒಂದು ಹೌದು ಅನ್ನುವ ನಿಯಮವನ್ನು ಇಂಗ್ಲಿಷಿನಲ್ಲಿ ಗಟ್ಟಿ ಮಾಡಿದವರಲ್ಲಿ ರಾಬರ್ಟ್ ಲೌತ್ ಅನ್ನುವ ಪಾದ್ರಿ ಮುಖ್ಯ. ಅವರ ವ್ಯಾಕರಣ ಬಂದಿದ್ದು 1762ರಲ್ಲಿ. ಅದಕ್ಕೂ ಮುಂಚೆ ಜನ ಏನು ಮಾಡುತ್ತಿದ್ದರು ಅಂತ ಅಪ್ಪನನ್ನೇ ಕೇಳಿದೆ. ಮಾನಸಗಂಗೋತ್ರಿಯಲ್ಲಿ ಎಂಎ ಮಾಡುವಾಗ ಹಳೇ ಇಂಗ್ಲಿಷ್ ಕವಿ ಚಾಸರ್‌ನನ್ನು ಓದಿದವರಲ್ವಾ ಅವರು.

ಅಪ್ಪ ಕಣ್ಣು ಮುಚ್ಚಿ, ಆರುನೂರು ವರ್ಷಕ್ಕೂ ಹಳೆಯ ಆ ಸಾಲುಗಳನ್ನು ಬಾಯಿಪಾಠ ಹೇಳಿದರು. ಯಾರಿಗೂ, ಜೀವಮಾನದಲ್ಲಿ, ಒಂದು ಒರಟು ಮಾತನ್ನೂ ಆಡದ ನೈಟ್‌ನ ಬಗ್ಗೆ ಇರುವ ಸಾಲು. ಹೇಳುತ್ತಾ ಬೆರಳು ಮಡಚಿದರು. ನೆವರ್, ನೋ, ನೆ, ಇನ್ನೊಂದು ನೋ. ಒಂದೇ ವಾಕ್ಯದಲ್ಲಿ ನಾಲ್ಕು ಇಲ್ಲ. ಲೌತ್ ಲೆಕ್ಕದಲ್ಲಿ ಆ ನೈಟ್ ಬಾಯಿಬಡುಕ ಆಗಬೇಕಿತ್ತು. ಚಾಸರ್‌ಗೆ ಅವನು ಪರಮ ಸೌಮ್ಯ. ಒಂದೊಂದು ಇಲ್ಲವೂ ಇನ್ನೊಂದನ್ನು ಗಟ್ಟಿ ಮಾಡುತ್ತೆ, ಹೊಡೆದುಹಾಕಲ್ಲ. ಅಪ್ಪ ಮಡಚಿದ ಬೆರಳುಗಳನ್ನೇ ನೋಡುತ್ತಾ ಕೂತರು. “ಇದನ್ನ ಓದಿದ್ದೂ ನಾನೇ, ಅದನ್ನ ಪಾಠ ಮಾಡಿದ್ದೂ ನಾನೇ” ಅಂದರು.

ಫ್ರೆಂಚರ ಕಥೆ ಇದಕ್ಕಿಂತ ಸೊಗಸು. ಅವರಲ್ಲಿ ಮೊದಲು ಕ್ರಿಯಾಪದಕ್ಕಿಂತ ಮುಂಚೆ ಒಂದು ಸಣ್ಣ ‘ನ’ ಇಟ್ಟರೆ ‘ಇಲ್ಲ’ ಆಗುತ್ತಿತ್ತು. ಅದು ಸವೆದು ಕೇಳಿಸದಂತಾಯಿತು. ಬಲಕ್ಕೆ ಅಂತ ‘ಪಾ’ ಸೇರಿಸಿದರು. ‘ಪಾ’ ಅಂದರೆ ಹೆಜ್ಜೆ. ‘ಒಂದು ಹೆಜ್ಜೆನೂ ನಡೆಯಲ್ಲ’ ಅನ್ನುವ ಥರ. ಈಗ ಮಾತಾಡುವಾಗ ‘ನ’ ಬಿಟ್ಟೇಬಿಡುತ್ತಾರೆ. ‘ಇಲ್ಲ’ ಅನ್ನುವ ಕೆಲಸ ಪೂರ್ತಿ ಆ ಪಾಪದ ‘ಹೆಜ್ಜೆ’ಯ ಹೆಗಲಿಗೆ ಬಿದ್ದಿದೆ. ಡೆನ್ಮಾರ್ಕಿನ ಓಟೊ ಯೆಸ್ಪರ್ಸನ್ 1917ರಲ್ಲೇ ಇದನ್ನು ಹಲವು ಭಾಷೆಗಳಲ್ಲಿ ತೋರಿಸಿದ್ದರು. ‘ಇಲ್ಲ’ ಅನ್ನುವ ಪದ ಸವೆಯುತ್ತೆ, ಪಕ್ಕದ ಪದ ಅದರ ಜಾಗಕ್ಕೆ ಬರುತ್ತೆ, ಮತ್ತೆ ಅದೂ ಸವೆಯುತ್ತೆ. ಅಂದಮೇಲೆ ನಮ್ಮ ಅಜ್ಜನ ಬಾಯಿಂದ ಒಂದು ‘ನಾಟ್’ ಬಿದ್ದುಹೋಗಿದ್ದು ದಡ್ಡತನ ಹೇಗಾಗುತ್ತೆ?

ಆದರೂ ಅಪ್ಪ ಪೂರ್ತಿ ಒಪ್ಪಿರಲಿಲ್ಲ. ಅದಕ್ಕೆ ಬುಧವಾರ ರಾತ್ರಿ ಒಂದು ಸಾಲು ಬರೆದು ಮುಂದಿಟ್ಟೆ. “ನೋ ಹೆಡ್ ಇಂಜುರಿ ಈಸ್ ಟೂ ಟ್ರಿವಿಯಲ್ ಟು ಬಿ ಇಗ್ನೋರ್ಡ್.” ಅಪ್ಪ ಓದಿ, “ಸರಿಯಾಗೇ ಇದೆ. ತಲೆಗೆ ಎಂಥ ಸಣ್ಣ ಪೆಟ್ಟು ಬಿದ್ರೂ ಕಡೆಗಣಿಸಬಾರದು” ಅಂದರು. ಓದಿದ ಹೆಚ್ಚುಕಮ್ಮಿ ಎಲ್ಲರೂ ಹೀಗೇ ಅನ್ನುತ್ತಾರೆ. ಪೀಟರ್ ವೇಸನ್ ಮತ್ತು ಶೂಲಿ ರೈಕ್ ಅನ್ನುವ ಸಂಶೋಧಕರು 1979ರಲ್ಲಿ ಇದರ ಮೇಲೆಯೇ ಒಂದು ಲೇಖನ ಬರೆದರು. ಕೆಳಗೆ ಅವರದೇ ಎರಡನೇ ಸಾಲು ಬರೆದೆ. “ನೋ ಮಿಸೈಲ್ ಈಸ್ ಟೂ ಸ್ಮಾಲ್ ಟು ಬಿ ಬ್ಯಾನ್ಡ್.” ಕ್ಷಿಪಣಿ ಎಷ್ಟೇ ಚಿಕ್ಕದಾಗಿರಲಿ, ನಿಷೇಧಿಸಬೇಕು. ಸರಿ ತಾನೇ? ಹಾಗಾದರೆ ಅದೇ ಅಚ್ಚಿನ ಮೊದಲ ಸಾಲಿಗೆ ಏನರ್ಥ ಬರಬೇಕು? ಪೆಟ್ಟು ಎಷ್ಟೇ ಚಿಕ್ಕದಾಗಿರಲಿ, ಕಡೆಗಣಿಸಬೇಕು!

ಅಪ್ಪ ಕನ್ನಡಕ ಹಾಕಿಕೊಂಡರು. ಪೆನ್ನು ತಗೊಂಡು ಪದಗಳ ಕೆಳಗೆ ಗೆರೆ ಎಳೆದರು. ಸುಮಾರು ಹೊತ್ತಾದ ಮೇಲೆ ತಲೆ ಎತ್ತಿ ಜೋರಾಗಿ ನಕ್ಕರು. ನಮ್ಮನೆಯವರು ಫೋನಿನಲ್ಲಿ ನಕ್ಕ ನಗು ಅಲ್ಲ ಅದು. ಗಣಿತದ ಲೆಕ್ಕ ಬಿಡಿಸಿದ ಹುಡುಗನ ಮುಖದಲ್ಲಿ ಇರುತ್ತಲ್ಲ, ಆ ಖುಷಿ. ಜೀವನಪೂರ್ತಿ ಪದ ಎಣಿಸಿದವರೂ ಸಾಲನ್ನು ಓದಿದ್ದು ಅರ್ಥದಿಂದಲೇ. ತಲೆಗೆ ಪೆಟ್ಟು ಬಿದ್ದರೆ ಏನು ಮಾಡಬೇಕು ಅಂತ ನಮಗೆ ಮೊದಲೇ ಗೊತ್ತು. ಪದಗಳು ಅದನ್ನೇ ಹೇಳುತ್ತಿವೆ ಅಂತ ಓದುಗ ನಂಬಿಬಿಡುತ್ತಾನೆ.

ಮಾತು ಕನ್ನಡದ ಕಡೆ ತಿರುಗಿದ್ದು ನನ್ನ ಮಗಳಿಂದ. ಇಲ್ಲೇ ಹುಟ್ಟಿ ಬೆಳೆದ ಮಗು. ಕನ್ನಡ ಚೆನ್ನಾಗಿ ಅರ್ಥವಾಗುತ್ತೆ, ಆದರೆ ಪದ ಪದ ಬಿಡಿಸಿ ನೋಡುವ ಕಿವಿ ಅದು. ಹಾಲಿನ ಲೋಟ ಮೇಜಿನ ತುದಿಯಲ್ಲಿಟ್ಟಿದ್ದಕ್ಕೆ ಅಪ್ಪ, “ಎಷ್ಟು ಸಲ ಹೇಳಿಲ್ಲ ಪುಟ್ಟಿ ನಿನಗೆ!” ಅಂದರು.

“ತಾತ, ಹೇಳಿಲ್ಲ ಅಂದ್ರೆ ಹೇಳೇ ಇಲ್ಲ ಅಂತ ಅಲ್ವಾ? ಆದ್ರೆ ನೀವು ತುಂಬಾ ಸಲ ಹೇಳಿದೀರಲ್ಲ.”

ಅಪ್ಪ ಚಮಚ ಕೆಳಗಿಟ್ಟರು. “ಎಷ್ಟು ಸಲ ಹೇಳಿದೀನಿ” ಅಂದರೂ ಅದೇ, “ಎಷ್ಟು ಸಲ ಹೇಳಿಲ್ಲ” ಅಂದರೂ ಅದೇ. ಅವನಿಗೋಸ್ಕರ ಏನೆಲ್ಲ ಮಾಡಿದೆ, ಅವನಿಗೋಸ್ಕರ ಏನೆಲ್ಲ ಮಾಡಲಿಲ್ಲ. ಒಂದೇ ಸಂಕಟ. ಒಂದು ಸಿಕ್ಕಿದ ಮೇಲೆ ಸಾಲು ಸಾಲಾಗಿ ಬರತೊಡಗಿದವು. “ಅಲ್ಲ ಮಾರಾಯ, ಊಟ ಆಯ್ತಾ?” ಅನ್ನುತ್ತೀವಿ. ಅಲ್ಲಿ ‘ಅಲ್ಲ’ ಅನ್ನುವುದು ಯಾವುದನ್ನೂ ಅಲ್ಲಗಳೆಯಲ್ಲ. “ಹತ್ತು, ಇನ್ನೂ ಹತ್ತು ಮರಾನ!” ಅಂತ ಅಮ್ಮಂದಿರು ಕೂಗಿದರೆ ಯಾವ ಮಗುವೂ ಇನ್ನೊಂದು ಕೊಂಬೆ ಮೇಲೆ ಹೋಗಲ್ಲ. ಇದು ಅಜ್ಜನ ‘ದಟ್ಲ್ ಟೀಚ್ ಯು’ಗೆ ನಮ್ಮ ಜೊತೆ. ಅಪ್ಪನ ಇಂಗ್ಲಿಷ್ ಎಲ್ಲಿ ನಿಂತಿದೆಯೋ ನನ್ನ ಮಗಳ ಕನ್ನಡವೂ ಅಲ್ಲೇ ನಿಂತಿದೆ. ಇಬ್ಬರೂ ಪ್ರಾಮಾಣಿಕವಾಗಿ ಪದ ಕೂಡಿಸಿ ಕಳೆದು ನೋಡುತ್ತಾರೆ.

ಗುರುವಾರ ಬೆಳಗ್ಗೆ ಅಪ್ಪ ಸ್ನಾನ ಮುಗಿಸಿ ಎಂದಿನ ಹಾಗೆ ಬಸವಣ್ಣನವರ ವಚನ ಹೇಳಿಕೊಳ್ಳುತ್ತಿದ್ದರು. “...ಕೋಲ ಹಿಡಿಯದ ಮುನ್ನ... ಮೃತ್ಯು ಮುಟ್ಟದ ಮುನ್ನ...” ಅಲ್ಲಿಗೆ ನಿಂತರು. ನಾನು ಒಲೆ ಮುಂದೆ ಇದ್ದೆ. ಅಡುಗೆಮನೆ ಬಾಗಿಲಿಗೆ ಬಂದು, “ಕೇಳಿಸ್ತಾ?” ಅಂದರು. ಕೇಳಿಸಿತ್ತು. ‘ಮುಟ್ಟುವ ಮುನ್ನ’ ಅಂದರೂ ಅದೇ ಅಲ್ವಾ! ಸಾವು ಮುಟ್ಟುವ ಮೊದಲು, ಸಾವು ಮುಟ್ಟದ ಮೊದಲು. ಹನ್ನೆರಡನೇ ಶತಮಾನದಿಂದ ನಮ್ಮ ಬಾಯಲ್ಲೇ ಇದೆ. ನಮ್ಮಜ್ಜಿಯೂ “ಮಳೆ ಬರದ ಮುಂಚೆ ಬಟ್ಟೆ ತೆಗಿ” ಅನ್ನುತ್ತಿದ್ದರು. ಮಳೆ ಬರುವ ಮುಂಚೆ ಅಂತಲೇ ನಾವು ಓಡಿಹೋಗಿ ತೆಗೆಯುತ್ತಿದ್ದೆವು. ಫ್ರೆಂಚರೂ ‘ಮೊದಲು’ ಅನ್ನುವ ಪದ ಆದ ಮೇಲೆ ಆ ಸವೆದ ‘ನ’ವನ್ನು ಸುಮ್ನೆ ಇಡುತ್ತಾರೆ, ಏನನ್ನೂ ಇಲ್ಲ ಅನ್ನದ ‘ನ’ ಅದು. ಅಪ್ಪ ಇದನ್ನು ತಮ್ಮ ರೀತಿಯಲ್ಲಿ ಬಿಡಿಸಿದರು. “ಮುಟ್ಟದ ಅಂದಾಗ ಇವತ್ತಿನ ದಿನ ಕಣ್ಣಿಗೆ ಬರುತ್ತೆ. ಇನ್ನೂ ಮುಟ್ಟಿಲ್ಲವಲ್ಲ, ಆ ದಿನ. ಮುಟ್ಟುವ ಅಂದಾಗ ನಾಳೆ ಬರೋ ಸಾವು ಕಣ್ಣಿಗೆ ಬರುತ್ತೆ. ಹೇಳೋದು ಒಂದೇ, ನಿಂತ್ಕೊಂಡು ನೋಡೋ ಜಾಗ ಬೇರೆ.” ಇಷ್ಟು ಚೆನ್ನಾಗಿ ಯಾವ ಪುಸ್ತಕದಲ್ಲೂ ನಾನು ಓದಿಲ್ಲ.

ಅವತ್ತು ಸಂಜೆ ಅಜ್ಜ, ಅಪ್ಪ ಇಬ್ಬರೂ ಬೇಲಿ ಹತ್ತಿರ ಚೀಲ ಕಟ್ಟುತ್ತಿದ್ದರು. ಅಜ್ಜನ ಹೆಂಡತಿ ಹೋದ ಚಳಿಗಾಲದಲ್ಲಿ ತೀರಿಕೊಂಡರು. ಎಲೆ ಗೋರುವುದು ಆಕೆಯ ಕೆಲಸವಾಗಿತ್ತು. ಹಸಿರು ಟೋಪಿ ಹಾಕಿಕೊಂಡು ಮಾಡುತ್ತಿದ್ದುದು ನನಗೂ ನೆನಪಿದೆ. ಅಜ್ಜ ಅದನ್ನೇ ಹೇಳುತ್ತಾ, “ಐ ಮಿಸ್ ನಾಟ್ ಹ್ಯಾವಿಂಗ್ ಹರ್ ಔಟ್ ಹಿಯರ್” ಅಂದರು.

ಲೆಕ್ಕ ಹಾಕಿದರೆ, ಆಕೆ ಇಲ್ಲದಿರುವುದು ಇಲ್ಲವಲ್ಲ ಅಂತ ಕೊರಗು. ಲೆಕ್ಕ ಹಾಕುವವರು ಹಾಕಿಕೊಳ್ಳಲಿ. ನನಗೆ ಆ ‘ನಾಟ್’ ಅಲ್ಲಿ ಇರಲೇಬೇಕು ಅನಿಸಿತು. ಇಲ್ಲ ಅನ್ನುವುದೇ ಮನಸ್ಸು ತುಂಬಿರುವಾಗ ಅದು ವಾಕ್ಯದಲ್ಲಿ ಎಲ್ಲಾದರೂ ಒಂದು ಕಡೆ ಬಂದು ಕೂರುತ್ತೆ. ನಮ್ಮಮ್ಮ ಹೋಗಿ ಮೂರು ವರ್ಷ. ಅಪ್ಪ ದಾರ ಕಟ್ಟುತ್ತಿದ್ದ ಕೈ ನಿಲ್ಲಿಸಿ, “ಯೆಸ್. ಐ ನೋ, ಸರ್” ಅಂದರು. ಅರ್ಥ ಕೇಳಲು ನನ್ನ ಕಡೆ ತಿರುಗಲಿಲ್ಲ.

ನಾನು ಕೆಲಸ ಮಾಡುವುದು ಇಲ್ಲೇ ಒಂದು ಕ್ಲಿನಿಕ್ಕಿನ ರಿಸೆಪ್ಷನ್ನಿನಲ್ಲಿ. ಬಂದವರ ಫಾರಂ ತುಂಬಿಸುವುದು ನನ್ನ ಕೆಲಸ. ಈ ವಾರ ಮನೆಯಲ್ಲಿ ನಡೆದಿದ್ದು ಅಲ್ಲಿಗೂ ನನ್ನ ಜೊತೆ ಬಂತು. ಶುಕ್ರವಾರ ಮಗನ ಜೊತೆ ಒಬ್ಬ ಗುಜರಾತಿ ಅಜ್ಜಿ ಬಂದಿದ್ದರು. ಮಗ ಕಾರ್ ನಿಲ್ಲಿಸಲು ಹೋಗಿದ್ದ. ನಮ್ಮ ಫಾರಂನಲ್ಲಿ ಇರುವ ಹಾಗೆ ನನ್ನ ಸಹೋದ್ಯೋಗಿ ಕೇಳಿದಳು: “ಯು ಡೋಂಟ್ ಹ್ಯಾವ್ ಎನಿ ಅಲರ್ಜೀಸ್?” ಅಜ್ಜಿ ತಲೆ ಆಡಿಸಿ “ಯೆಸ್” ಅಂದರು. ಅವಳು ‘ಇದೆ’ ಅಂತ ಗುರುತು ಹಾಕಿ, ಯಾವ ಔಷಧಿ ಅಂತ ಕೇಳಿದಳು. ಅಜ್ಜಿ ಗಾಬರಿಯಾದರು. ನಾನು ಎದ್ದುಹೋಗಿ, “ಅಲರ್ಜಿ ಇದೆಯಾ?” ಅಂತ ಮುರುಕು ಹಿಂದಿಯಲ್ಲಿ ನೇರವಾಗಿ ಕೇಳಿದೆ. “ನಹೀಂ ಬೇಟಾ” ಅಂದರು.

ಇಲ್ಲದ ಅಲರ್ಜಿ ಇದೆ ಅಂತ ಬರೆದರೆ ಅಷ್ಟು ಅಪಾಯ ಇಲ್ಲ, ಬೇರೆ ಔಷಧಿ ಕೊಡುತ್ತಾರೆ. ಆದರೆ ಇದೇ ಅಜ್ಜಿಗೆ ಪೆನಿಸಿಲಿನ್ ಆಗದೇ ಇದ್ದು, ಅದೇ ಪ್ರಶ್ನೆಗೆ ಅವರು ತಮ್ಮ ಭಾಷೆಯ ಲೆಕ್ಕದಲ್ಲಿ “ನೋ” ಅಂದಿದ್ದರೆ? ‘ನೀವು ಹೇಳಿದ್ದು ತಪ್ಪು, ನನಗೆ ಇದೆ’ ಅನ್ನುವ ಅರ್ಥದಲ್ಲಿ? ರಕ್ತ ತೆಳು ಮಾಡುವ ಮಾತ್ರೆ ತಗೊಳ್ತಿಲ್ಲ ತಾನೇ ಅನ್ನುವ ಪ್ರಶ್ನೆಯೂ ಅದೇ ಫಾರಂನಲ್ಲಿ, ಅದೇ ರೂಪದಲ್ಲಿ ಇದೆ. ಬೇಲಿ ಹತ್ತಿರ ಎರಡು ಸಲ ಕೂಗಿ ಸರಿ ಮಾಡಿಕೊಳ್ಳಬಹುದು. ಕಾಗದದಲ್ಲಿ ಬಿದ್ದ ಗುರುತು ಡಾಕ್ಟರ ಹತ್ತಿರ ಹೋಗಿಬಿಡುತ್ತೆ.

ರಾತ್ರಿ ಕೂತು ಮ್ಯಾನೇಜರಿಗೆ ಮೇಲ್ ಬರೆದೆ. ಆ ಎರಡು ಪ್ರಶ್ನೆಗಳನ್ನು ‘ಇದೆಯಾ’, ‘ತಗೊಳ್ತೀರಾ’ ಅಂತ ನೇರ ಮಾಡಿ, ಈ ಕ್ಲಿನಿಕ್ಕಿಗೆ ಬರುವವರಲ್ಲಿ ಇಂಗ್ಲಿಷನ್ನು ಪುಸ್ತಕದಿಂದ ಕಲಿತವರು ತುಂಬಾ ಜನ ಇದ್ದಾರೆ ಅಂತ. ಅಪ್ಪ ಓದಿ ಎರಡು ಕಡೆ ತಿದ್ದಿಕೊಟ್ಟರು. ಸೋಮವಾರ ಮೀಟಿಂಗಿನಲ್ಲಿ ಮಾತಾಡೋಣ ಅಂತ ಉತ್ತರ ಬಂದಿದೆ. ಆ ಫಾರಂನ ಪ್ರತಿ ಒಂದನ್ನು ಮನೆಗೆ ತಂದಿದ್ದೀನಿ. ಇನ್ನೂ ಇಂಥವು ಎಷ್ಟಿವೆ ಅಂತ ಅಪ್ಪ ಈಗ ಕೆಂಪು ಪೆನ್ನು ಹಿಡಿದು ನೋಡುತ್ತಿದ್ದಾರೆ.